ಅದೇ ಹೆಸರು, ಬೇರೆ ದೇಶದ ಎಕ್ಸ್‌ಟೆನ್ಷನ್: ಡೊಮೇನ್ ಬೆಲೆ ಯಾಕೆ ಇಷ್ಟೊಂದು ಬದಲಾಗುತ್ತದೆ?

ಪ್ರಶ್ನೆ

ನಮಸ್ಕಾರ. ನಾವು ನಾಲ್ಕು ಜನ ಸೇರಿ ಅನುವಾದದ ಕೆಲಸ ಮಾಡುತ್ತೇವೆ. ನಾಲ್ವರೂ ಬೇರೆ ಬೇರೆ ದೇಶದಲ್ಲಿದ್ದೇವೆ. ನಮ್ಮ ಹೆಸರಿನ ಡಾಟ್ ಕಾಮ್ ಆರು ವರ್ಷದಿಂದ ನಮ್ಮ ಹತ್ತಿರ ಇದೆ. ಈಗ ಜರ್ಮನಿ, ಬ್ರಿಟನ್, ನಾರ್ವೆಯಿಂದ ಕೆಲಸ ಜಾಸ್ತಿ ಬರುತ್ತಿದೆ. ಹಾಗಾಗಿ ಆ ದೇಶಗಳ ಎಕ್ಸ್‌ಟೆನ್ಷನ್‌ನಲ್ಲೂ (ಹೆಸರಿನ ಕೊನೆಯ ಡಾಟ್ ಭಾಗ) ಅದೇ ಹೆಸರು ತೆಗೆದುಕೊಳ್ಳೋಣ ಅಂದುಕೊಂಡೆವು. ಜೊತೆಗೆ ಡಾಟ್ ಎಐ ಬೇಕೇ ಬೇಕು ಅಂತ ನಮ್ಮಲ್ಲೊಬ್ಬರ ಹಟ.

ನಿನ್ನೆ ರಾತ್ರಿ ಕೂತು ಒಂದೊಂದೇ ಟೈಪ್ ಮಾಡಿ ನೋಡಿದೆ. ಜರ್ಮನಿಯ ಡಾಟ್ ಡಿಇ ನಮ್ಮ ಡಾಟ್ ಕಾಮ್‌ಗಿಂತ ಅಗ್ಗ. ಡಾಟ್ ಎಐ ಅದರ ಎಷ್ಟೋ ಪಟ್ಟು. ಅದೂ ಒಂದು ವರ್ಷಕ್ಕೆ ಕೊಡುವುದೇ ಇಲ್ಲ, ಎರಡು ವರ್ಷಕ್ಕೆ ಒಟ್ಟಿಗೆ ಕಟ್ಟಬೇಕು. ಡಾಟ್ ಎನ್‌ಓ ಹಾಕಿದರೆ ಬೆಲೆಗಿಂತ ಮೊದಲು ನಾರ್ವೆಯ ಸಂಸ್ಥೆಯ ನೋಂದಣಿ ಸಂಖ್ಯೆ ಕೇಳಿತು. ಇನ್ನೊಂದು ವಿಷಯ ನನಗೆ ಅರ್ಥವೇ ಆಗಲಿಲ್ಲ. ಹಂಗೇರಿಯಲ್ಲಿರುವ ನಮ್ಮ ಗೆಳತಿ ಅದೇ ಅಂಗಡಿಯಲ್ಲಿ ಅದೇ ಡಾಟ್ ಕಾಮ್ ಹುಡುಕಿದಳು. ಅವಳಿಗೆ ಬಂದ ಮೊತ್ತ ನನಗಿಂತ ಜಾಸ್ತಿ.

ಡೊಮೇನ್ ಅಂದರೆ ಎಲ್ಲೋ ಒಂದು ಸರ್ವರ್‌ನಲ್ಲಿ ಬರೆದಿಟ್ಟ ಒಂದು ಸಾಲು ಅಲ್ವಾ? ಹಡಗಿನಲ್ಲಿ ಸಾಗಿಸುವ ಸಾಮಾನಲ್ಲ, ಗೋದಾಮಿನ ಬಾಡಿಗೆ ಇಲ್ಲ. ಹಾಗಿದ್ದ ಮೇಲೆ ದೇಶ ಬದಲಾದರೆ ಬೆಲೆ ಯಾಕೆ ಬದಲಾಗಬೇಕು? ಯಾರು ಇದನ್ನು ನಿಗದಿ ಮಾಡುತ್ತಾರೆ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ.

ಉತ್ತರ 1

ನಾನು ಹನ್ನೊಂದು ವರ್ಷದಿಂದ ಬೇರೆಯವರ ಡೊಮೇನ್ ನೋಡಿಕೊಳ್ಳುತ್ತಿದ್ದೇನೆ. ನನ್ನ ಶೀಟ್‌ನಲ್ಲಿ ಈಗ ಆರುನೂರು ಚಿಲ್ಲರೆ ಹೆಸರುಗಳಿವೆ, ಸುಮಾರು ನಲವತ್ತು ಎಕ್ಸ್‌ಟೆನ್ಷನ್. ಪ್ರತಿ ತಿಂಗಳ ಮೊದಲ ವಾರ ರಿನ್ಯೂವಲ್ ಬೆಲೆಗಳನ್ನು ಒಂದೊಂದಾಗಿ ತಾಳೆ ನೋಡುವುದು ನನ್ನ ಕೆಲಸ. ನೀವು ಕೇಳಿದ್ದನ್ನೇ ನಾನೂ ಮೊದಲ ವರ್ಷ ಎಲ್ಲರ ಹತ್ತಿರ ಕೇಳಿದ್ದೆ. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಸರ್ವರ್‌ನಲ್ಲಿ ಒಂದು ಸಾಲು ಅಂದಿರಿ, ಅದು ನಿಜ. ಆದರೆ ನೀವು ದುಡ್ಡು ಕೊಡುವುದು ಆ ಸಾಲಿಗಲ್ಲ. ಆ ಸಾಲು ಬರೆಯುವ ಹಕ್ಕು ಇಡೀ ಜಗತ್ತಿನಲ್ಲಿ ಒಬ್ಬರಿಗೆ ಮಾತ್ರ ಇರುತ್ತದೆ. ಪ್ರತಿ ಎಕ್ಸ್‌ಟೆನ್ಷನ್‌ಗೂ ಒಂದೇ ರಿಜಿಸ್ಟ್ರಿ. ಡಾಟ್ ಡಿಇ ಬೇಕಾದರೆ ಯಾವ ಅಂಗಡಿಗೆ ಹೋದರೂ ಕೊನೆಗೆ ಸಾಲು ಬರೆಯುವುದು ಫ್ರಾಂಕ್‌ಫರ್ಟ್‌ನ ಡೆನಿಕ್. ಡಾಟ್ ಕಾಮ್ ಆದರೆ ವೆರಿಸೈನ್. ನೀವು ಕೊಳ್ಳುವ ಅಂಗಡಿ, ಅಂದರೆ ರಿಜಿಸ್ಟ್ರಾರ್, ಮಧ್ಯದವರು ಅಷ್ಟೇ. ಅಂಗಡಿಗಳ ನಡುವೆ ಪೈಪೋಟಿ ಇದೆ. ರಿಜಿಸ್ಟ್ರಿಗೆ ತನ್ನ ಎಕ್ಸ್‌ಟೆನ್ಷನ್ ಮಟ್ಟಿಗೆ ಪೈಪೋಟಿಯೇ ಇಲ್ಲ.

ಇನ್ನು ದೇಶದ ವಿಷಯ. 1994ರ ಮಾರ್ಚ್‌ನಲ್ಲಿ, ಆಗ ಇಂಟರ್ನೆಟ್ ಹೆಸರುಗಳ ಹೊಣೆ ಹೊತ್ತಿದ್ದ ಜಾನ್ ಪೋಸ್ಟೆಲ್ ಆರ್‌ಎಫ್‌ಸಿ 1591 ಅನ್ನುವ ಪುಟ್ಟ ದಾಖಲೆ ಬರೆದರು. ಯಾವುದು ದೇಶ, ಯಾವುದು ಅಲ್ಲ ಅಂತ ತೀರ್ಮಾನ ಮಾಡುವುದು ನಮ್ಮ ಕೆಲಸವಲ್ಲ ಅಂತ ಅದರಲ್ಲಿ ನೇರವಾಗಿ ಹೇಳಿದ್ದಾರೆ. ಐಎಸ್‌ಓ 3166 ಅನ್ನುವ ಅಂತರರಾಷ್ಟ್ರೀಯ ಪಟ್ಟಿಯಲ್ಲಿರುವ ಎರಡಕ್ಷರದ ಕೋಡ್‌ಗಳನ್ನೇ ತೆಗೆದುಕೊಂಡು, ಪ್ರತಿಯೊಂದನ್ನೂ ಒಬ್ಬ ಟ್ರಸ್ಟಿಯ ಕೈಗೆ ಕೊಡುವುದು ಪದ್ಧತಿಯಾಯಿತು. ಆ ಟ್ರಸ್ಟಿ ತನ್ನ ದೇಶದ ಜನರಿಗೂ, ಜಗತ್ತಿನ ಇಂಟರ್ನೆಟ್ ಬಳಕೆದಾರರಿಗೂ ಜವಾಬ್ದಾರ. ಎಷ್ಟು ದುಡ್ಡು ತೆಗೆದುಕೊಳ್ಳಬೇಕು ಅಂತ ಯಾರೂ ಬರೆದಿಡಲಿಲ್ಲ. 1998ರಲ್ಲಿ ಇಂಟರ್ನೆಟ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆ ಬಂದ ಮೇಲೂ ದೇಶದ ಕೋಡ್‌ಗಳ ಬೆಲೆ ಅದರ ಕೈಗೆ ಹೋಗಲಿಲ್ಲ. ನಿಮಗೆ ಕಾಣುತ್ತಿರುವ ವ್ಯತ್ಯಾಸದ ಬೇರು ಇಲ್ಲಿದೆ. ಒಂದೇ ಬೆಲೆ ಇರಬೇಕು ಅನ್ನುವ ನಿಯಮ ಯಾವತ್ತೂ ಇರಲಿಲ್ಲ.

ಹಾಗಾಗಿ ಪ್ರತಿ ದೇಶವೂ ತನಗೆ ತೋಚಿದ ದಾರಿ ಹಿಡಿಯಿತು. ಡೆನಿಕ್ ಒಂದು ಸಹಕಾರ ಸಂಘ. ಡೊಮೇನ್ ಮಾರುವ ಕಂಪನಿಗಳೇ ಅದರ ಸದಸ್ಯರು, ಅವರೇ ಒಡೆಯರು. ತಮಗೆ ತಾವೇ ಜಾಸ್ತಿ ಬೆಲೆ ಹಾಕಿಕೊಳ್ಳುವುದಕ್ಕೆ ಅವರಿಗೆ ಕಾರಣವಿಲ್ಲ. ಅದರ ಮೇಲೆ 1 ಕೋಟಿ 70 ಲಕ್ಷಕ್ಕೂ ಹೆಚ್ಚು ಹೆಸರುಗಳಿವೆ. ಹಗಲೂ ರಾತ್ರಿ ಸರ್ವರ್ ನಡೆಸುವ ಖರ್ಚು ಅಷ್ಟೂ ಹೆಸರಿಗೆ ಹಂಚಿಹೋಗುತ್ತದೆ. ಡಾಟ್ ಡಿಇ ಅಗ್ಗ ಇರುವುದು ಇದಕ್ಕೇ. ಬ್ರಿಟನ್ನಿನ ನಾಮಿನೆಟ್ 1996ರಿಂದ ಲಾಭಕ್ಕಲ್ಲದ ಕಂಪನಿಯಾಗಿ ನಡೆಯುತ್ತಿದೆ. 2020ರ ಜನವರಿಯಲ್ಲಿ ಅದರ ಮೂಲ ಬೆಲೆ, ಅಂದರೆ ರಿಜಿಸ್ಟ್ರಿ ಅಂಗಡಿಯವರಿಂದ ತೆಗೆದುಕೊಳ್ಳುವ ಮೊತ್ತ, ವರ್ಷಕ್ಕೆ 3.90 ಪೌಂಡ್ ಆಯಿತು. ಕೆಲವೇ ಸಾವಿರ ಹೆಸರಿರುವ ಪುಟ್ಟ ದೇಶದ ರಿಜಿಸ್ಟ್ರಿಗೂ ಸರ್ವರ್ ಬೇಕು, ರಾತ್ರಿ ಎದ್ದು ನೋಡುವ ಎಂಜಿನಿಯರ್ ಬೇಕು. ಅಲ್ಲಿ ಒಂದೊಂದು ಹೆಸರಿನ ಮೇಲೂ ಖರ್ಚು ಜಾಸ್ತಿ ಬೀಳುತ್ತದೆ.

ಆದರೆ ಖರ್ಚಿನ ಲೆಕ್ಕದಿಂದ ಅರ್ಧ ಕಥೆ ಮಾತ್ರ ಸಿಗುತ್ತದೆ. ಇನ್ನರ್ಧ ಸಿಗುವುದು ಮೂರು ದ್ವೀಪನಾಡುಗಳಲ್ಲಿ. ಇದನ್ನು ನಾನು ಹೊಸದಾಗಿ ಕೆಲಸ ಕಲಿಯಲು ಬಂದವರಿಗೆಲ್ಲ ಹೇಳುತ್ತೇನೆ.

ಮೊದಲನೆಯದು ಟೊಕೆಲಾವ್. ನ್ಯೂಜಿಲೆಂಡ್‌ಗೆ ಸೇರಿದ ಮೂರು ಹವಳದ ದ್ವೀಪಗಳು, ಸುಮಾರು ಒಂದೂವರೆ ಸಾವಿರ ಜನ. ಅದರ ಡಾಟ್ ಟಿಕೆ ಹೆಸರುಗಳನ್ನು ಒಂದು ಹೊರಗಿನ ಕಂಪನಿ ಪುಕ್ಕಟೆ ಹಂಚಿತು. ಒಂದು ಕಾಲಕ್ಕೆ ಎರಡು ಕೋಟಿಗೂ ಜಾಸ್ತಿ ಹೆಸರುಗಳಾದವು, ಜಗತ್ತಿನ ಅತಿ ದೊಡ್ಡ ದೇಶದ ಕೋಡ್ ಆಯಿತು. ಅವಧಿ ಮುಗಿದ ಹೆಸರುಗಳನ್ನು ಆ ಕಂಪನಿ ತಾನೇ ಇಟ್ಟುಕೊಂಡು, ಅಲ್ಲಿಗೆ ಬಂದವರಿಗೆ ಜಾಹೀರಾತು ತೋರಿಸಿ ದುಡ್ಡು ಮಾಡಿತು. ಪುಕ್ಕಟೆ ಸಿಗುವ ಹೆಸರನ್ನು ಮೋಸಗಾರರು ಬಿಡುತ್ತಾರೆಯೇ? ಆ ಕಂಪನಿಯ ಮೇಲೆ ಮೆಟಾ ಹೂಡಿದ ದಾವೆ 2023ರಲ್ಲಿ ಬಯಲಿಗೆ ಬಂತು, ಹೊಸ ನೋಂದಣಿ ನಿಂತಿತು. 2024ರ ಫೆಬ್ರವರಿಯಲ್ಲಿ ಆ ಕಂಪನಿ ಡೊಮೇನ್ ವ್ಯವಹಾರವನ್ನೇ ಬಿಡುವುದಾಗಿ ಹೇಳಿತು.

ಎರಡನೆಯದು ಟುವಾಲು. ಹನ್ನೊಂದು ಸಾವಿರದ ಆಸುಪಾಸು ಜನ. ಕೋಡ್ ಡಾಟ್ ಟಿವಿ. ಆ ಎರಡಕ್ಷರ ಟೆಲಿವಿಷನ್‌ನಂತೆ ಕಾಣುತ್ತದೆ ಅನ್ನುವುದೊಂದೇ ಅವರ ಅದೃಷ್ಟ. ಆ ಕೋಡ್ ಮಾರುವ ಹಕ್ಕಿಗೆ ಒಂದು ಕಂಪನಿಯ ಜೊತೆ ಹನ್ನೆರಡು ವರ್ಷಕ್ಕೆ 5 ಕೋಟಿ ಡಾಲರ್ ಅಂತ ಒಪ್ಪಂದವಾಯಿತು. ಆ ದುಡ್ಡು ಬಂದ ಮೇಲೆ 2000ದಲ್ಲಿ ಟುವಾಲು ವಿಶ್ವಸಂಸ್ಥೆಯ ಸದಸ್ಯ ದೇಶವಾಯಿತು. ಅಲ್ಲಿಯವರೆಗೆ ಅದರ ಖರ್ಚು ಹೊರುವುದು ಅವರಿಗೆ ಕಷ್ಟವಿತ್ತು. ನನಗೆ ಈ ಸಂಗತಿ ಓದಿದಾಗಲೆಲ್ಲ ಮನಸ್ಸು ತುಂಬಿ ಬರುತ್ತದೆ.

ಮೂರನೆಯದು ನಿಮ್ಮ ಡಾಟ್ ಎಐ. ಅದು ಆಂಗ್ವಿಲಾ ಅನ್ನುವ ಕೆರಿಬಿಯನ್ ದ್ವೀಪದ ಕೋಡ್, ಜನ ಸುಮಾರು 16 ಸಾವಿರ. ಕೃತಕ ಬುದ್ಧಿಮತ್ತೆಗೂ ಆ ಕೋಡ್‌ಗೂ ಅಕ್ಷರ ಬಿಟ್ಟರೆ ಬೇರೆ ಸಂಬಂಧವಿಲ್ಲ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಎಲ್ಲರೂ ಅಲ್ಲಿಗೆ ಓಡಿದರು. 2023ರಲ್ಲಿ ಡೊಮೇನ್‌ನಿಂದ ಆಂಗ್ವಿಲಾ ಸರ್ಕಾರಕ್ಕೆ ಸುಮಾರು 3 ಕೋಟಿ 20 ಲಕ್ಷ ಡಾಲರ್ ಬಂತು, ಅದರ ಒಟ್ಟು ಆದಾಯದ ಐದನೇ ಒಂದು ಪಾಲಿಗೂ ಹೆಚ್ಚು. ಆ ಹೊತ್ತಿಗೆ ಎರಡು ವರ್ಷಕ್ಕೆ ಮೂಲ ಬೆಲೆಯೇ 140 ಡಾಲರ್ ಇತ್ತು. ಎರಡು ವರ್ಷಕ್ಕೆ ಕಟ್ಟಲೇಬೇಕು ಅನ್ನುವುದು ಅಂಗಡಿಯವರ ತಂತ್ರವಲ್ಲ, ರಿಜಿಸ್ಟ್ರಿಯ ನಿಯಮ.

ಮೂರೂ ಪುಟ್ಟ ದ್ವೀಪನಾಡುಗಳು, ಮೂರೂ ಕಡೆ ಸಾಲು ಬರೆಯುವ ಕೆಲಸ ಒಂದೇ ತರಹ. ಒಂದು ಕಡೆ ಬೆಲೆ ಸೊನ್ನೆ ಇತ್ತು, ಇನ್ನೊಂದು ಕಡೆ ವರ್ಷಕ್ಕೆ 70 ಡಾಲರ್ ಇತ್ತು. ಅದಕ್ಕೇ ನಾನು ಮೊದಲು ಕೇಳುವ ಪ್ರಶ್ನೆ: ಈ ದುಡ್ಡು ಯಾರ ಕೈಗೆ ಹೋಗುತ್ತದೆ? ಸಹಕಾರ ಸಂಘಕ್ಕೋ, ಸರ್ಕಾರದ ಬೊಕ್ಕಸಕ್ಕೋ, ಗುತ್ತಿಗೆ ಹಿಡಿದ ಕಂಪನಿಗೋ? ಅದು ಗೊತ್ತಾದರೆ ಬೆಲೆ ಯಾವ ಕಡೆಗೆ ಹೋಗುತ್ತದೆ ಅಂತ ಅಂದಾಜು ಸಿಗುತ್ತದೆ.

ಈಗ ನಿಮ್ಮ ಹಂಗೇರಿಯ ಗೆಳತಿ. ಒಂದು ಡಾಟ್ ಕಾಮ್ ಬಿಲ್ ಬಿಚ್ಚಿ ನೋಡೋಣ. 2024ರ ಸೆಪ್ಟೆಂಬರ್‌ನಿಂದ ವೆರಿಸೈನ್‌ನ ಮೂಲ ಬೆಲೆ 10.26 ಡಾಲರ್. ಐಕ್ಯಾನ್‌ಗೆ ಸುಮಾರು 20 ಸೆಂಟ್. ಅಂಗಡಿಯವರು ತಮ್ಮ ಪಾಲು ಸೇರಿಸಿ 12 ಡಾಲರ್ ಮಾಡಿದರು ಅಂತ ಇಟ್ಟುಕೊಳ್ಳಿ. ಯುರೋಪಿನಲ್ಲಿ ಇಂಥ ಆನ್‌ಲೈನ್ ಸೇವೆಗೆ ತೆರಿಗೆ ಬೀಳುವುದು ಕೊಳ್ಳುವವರು ಎಲ್ಲಿದ್ದಾರೆ ಅನ್ನುವುದರ ಮೇಲೆ. ಹಂಗೇರಿಯ ವ್ಯಾಟ್ 27 ಶೇಕಡಾ, ಯುರೋಪಿಯನ್ ಒಕ್ಕೂಟದಲ್ಲೇ ಅತಿ ಹೆಚ್ಚು. ಅಲ್ಲಿಗೆ 15.24 ಡಾಲರ್ ಆಯಿತು. ಲಕ್ಸೆಂಬರ್ಗ್‌ನಲ್ಲಿ 17 ಶೇಕಡಾ, ಅಲ್ಲಿ ಅದೇ ಹೆಸರು 14.04. ತೆರಿಗೆ ಸೇರಿಸದೆ ತೋರಿಸುವ ಪುಟದಲ್ಲಿ ನೋಡಿದವರಿಗೆ 12. ನಿಮ್ಮ ಗೆಳತಿಗೆ ಯಾರೂ ಮೋಸ ಮಾಡಿಲ್ಲ. ಅವಳ ಹೆಸರಿನಲ್ಲಿ ವ್ಯಾಟ್ ನೋಂದಣಿ ಇದ್ದು, ಅಂಗಡಿ ಬೇರೆ ದೇಶದ್ದಾದರೆ, ಆ ಸಂಖ್ಯೆ ಕೊಟ್ಟು ನೋಡಲಿ. ಸಾಮಾನ್ಯವಾಗಿ ಬಿಲ್‌ನಲ್ಲಿ ತೆರಿಗೆ ಬೀಳುವುದಿಲ್ಲ, ಅವಳೇ ತನ್ನ ಲೆಕ್ಕದಲ್ಲಿ ತೋರಿಸಿಕೊಳ್ಳಬೇಕು.

ಉತ್ತರ 2

ಮೇಲಿನ ಉತ್ತರ ತುಂಬ ಚೆನ್ನಾಗಿದೆ. ನಾನು ಲೆಕ್ಕಪತ್ರದ ಕಡೆಯವನು, ಎರಡು ಮಾತು ಸೇರಿಸುತ್ತೇನೆ.

ಒಂದು, ಕರೆನ್ಸಿ. ಡಾಟ್ ಕಾಮ್ ಅಂಗಡಿಗೆ ಬೀಳುವುದು ಡಾಲರ್‌ನಲ್ಲಿ. ಡಾಲರ್ ಏರುವ ದೇಶದಲ್ಲಿ ಅಂಗಡಿಯವರು ಬೆಲೆಯಲ್ಲಿ ಸ್ವಲ್ಪ ಜಾಗ ಇಟ್ಟುಕೊಂಡೇ ಮಾರುತ್ತಾರೆ. ಇಲ್ಲದಿದ್ದರೆ ಇವತ್ತು ಮಾರಿದ ಹೆಸರಿಗೆ ನಾಳೆ ಅವರೇ ಕೈಯಿಂದ ಹಾಕಬೇಕಾಗುತ್ತದೆ. ದೇಶದ ಕೋಡ್ ಸಾಮಾನ್ಯವಾಗಿ ಆ ದೇಶದ ದುಡ್ಡಿನಲ್ಲೇ ಇರುವುದರಿಂದ ಅಲ್ಲಿಯವರಿಗೆ ಅದು ಹಗುರ. ಅರ್ಜೆಂಟೀನಾದಲ್ಲಂತೂ 2014ರವರೆಗೆ ದೇಶದ ಕೋಡ್‌ನ ಹೆಸರು ಪುಕ್ಕಟೆಯೇ ಇತ್ತು, ಆಮೇಲೆ ಶುಲ್ಕ ಬಂತು.

ಎರಡು, ಬೆಲೆಯೇ ಒಂದು ಬೇಲಿ. 2007ರಲ್ಲಿ ಚೀನಾದ ಡಾಟ್ ಸಿಎನ್ ಹೆಸರನ್ನು ಮೊದಲ ವರ್ಷಕ್ಕೆ 1 ಯುವಾನ್‌ಗೆ ಕೊಟ್ಟರು. ಹೆಸರುಗಳ ಸಂಖ್ಯೆ ಕೋಟಿ ದಾಟಿತು. ಸ್ಪ್ಯಾಮ್ ಕಳಿಸುವವರೂ ಅಷ್ಟೇ ಖುಷಿಯಿಂದ ಕೊಂಡರು. 2009ರ ಡಿಸೆಂಬರ್‌ನಲ್ಲಿ ನಿಯಮ ಬಿಗಿ ಮಾಡಿ, ಗುರುತಿನ ಕಾಗದ ಕೊಡಬೇಕು ಅಂದರು. ಬೇಲಿ ಬೆಲೆಯದಾಗದಿದ್ದರೆ ಕಾಗದದ್ದಾಗುತ್ತದೆ. ನಿಮ್ಮ ನಾರ್ವೆ ಎರಡನೆಯ ತರಹದ್ದು. ಅಲ್ಲಿ ಸಂಸ್ಥೆ ನಾರ್ವೆಯಲ್ಲೇ ನೋಂದಣಿಯಾಗಿರಬೇಕು, ಒಂದು ಸಂಸ್ಥೆಗೆ ಇಷ್ಟೇ ಹೆಸರು ಅನ್ನುವ ಮಿತಿಯೂ ಇದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ತುಂಬ ಧನ್ಯವಾದ. ಹಂಗೇರಿಯ ಲೆಕ್ಕ ಗೆಳತಿಗೆ ಕಳಿಸಿದೆ, ಅವಳ ಬಿಲ್‌ನಲ್ಲಿ 27 ಶೇಕಡಾ ಅಂತಲೇ ಇದೆ.

ಇನ್ನು ಎರಡು ಅನುಮಾನ. ನಾರ್ವೆಗೆ ಸ್ಥಳೀಯ ವಿಳಾಸ ನಾವೇ ಕೊಡುತ್ತೇವೆ, ಜಾಸ್ತಿ ದುಡ್ಡು ಕೊಡಿ ಅಂತ ಒಂದು ಕಡೆ ಬರೆದಿದ್ದಾರೆ. ತೆಗೆದುಕೊಳ್ಳಬಹುದಾ? ಮತ್ತೆ, ಇವತ್ತು ಅಗ್ಗ ಅಂತ ತೆಗೆದುಕೊಂಡರೆ ನಾಳೆ ಬೆಲೆ ಏರಿಸುವುದಿಲ್ಲ ಅಂತ ಏನು ನಂಬಿಕೆ?

ಉತ್ತರ 1 ಬರೆದವರು

ಮೊದಲು ಸ್ಥಳೀಯ ವಿಳಾಸದ ವಿಷಯ. ಆ ಸೇವೆಯ ಬೆಲೆ ಎಷ್ಟೋ ಸಲ ಡೊಮೇನ್‌ಗಿಂತ ಜಾಸ್ತಿ ಇರುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಕಾಗದದಲ್ಲಿ ಹೆಸರು ಯಾರದ್ದು ಅನ್ನುವುದು. ತುಂಬ ಕಡೆ ವಿಳಾಸ ಕೊಟ್ಟವರೇ ಡೊಮೇನ್‌ನ ಒಡೆಯರಾಗಿ ನಮೂದಾಗುತ್ತಾರೆ. ನಾಳೆ ಅವರು ಅಂಗಡಿ ಮುಚ್ಚಿದರೆ ನಿಮ್ಮ ಮೇಲ್, ನಿಮ್ಮ ವೆಬ್‌ಸೈಟ್ ಎಲ್ಲ ಅವರ ಜೊತೆ ಹೋಗುತ್ತದೆ.

ನಿಯಮದ ಪೆಟ್ಟು ಹೇಗಿರುತ್ತದೆ ಅಂತ ನಾನು ಹತ್ತಿರದಿಂದ ನೋಡಿದ್ದೇನೆ. ನನ್ನ ಗ್ರಾಹಕರೊಬ್ಬರು ಬ್ರಿಟನ್ನಿನಲ್ಲಿದ್ದರು. ಅವರ ಮುಖ್ಯ ಹೆಸರು ಯುರೋಪಿಯನ್ ಒಕ್ಕೂಟದವರಿಗಾಗಿ ಇರುವ ಡಾಟ್ ಇಯು. ಮೂಲ ಬೆಲೆ ಆಗ ವರ್ಷಕ್ಕೆ 4 ಯೂರೋ ಆಸುಪಾಸು, ಅಷ್ಟು ಅಗ್ಗ. ಬ್ರಿಟನ್ ಒಕ್ಕೂಟ ಬಿಟ್ಟಿತು. ವಿಳಾಸ ಬದಲಿಸಿ ಅಂತ ಎಚ್ಚರಿಕೆಯ ಮೇಲ್‌ಗಳು ಬಂದವು, ನಾನೂ ಮೂರು ಸಲ ಬರೆದೆ. ಅವರು ಸಾಮಾನ್ಯ ನೋಟಿಸ್ ಅಂದುಕೊಂಡು ಬಿಟ್ಟರು. 2021ರ ಜನವರಿ 1ರ ಬೆಳಿಗ್ಗೆ ಅವರ ಮೇಲ್ ನಿಂತುಹೋಯಿತು. ಹೊಸ ವರ್ಷದ ದಿನ ನಾನು ಫೋನ್‌ನಲ್ಲಿ ಅವರ ದನಿ ಕೇಳಿದ್ದು ಇನ್ನೂ ನೆನಪಿದೆ. ಹದಿನಾಲ್ಕು ವರ್ಷದಿಂದ ವಿಸಿಟಿಂಗ್ ಕಾರ್ಡ್ ಮೇಲೆ ಇದ್ದ ಹೆಸರು ಅದು. ಐರ್ಲೆಂಡ್‌ನಲ್ಲಿದ್ದ ಅವರ ಪಾಲುದಾರರ ವಿಳಾಸ ಹಾಕಿ ವಾಪಸ್ ಪಡೆದೆವು. ಪಾಲುದಾರರು ಇಲ್ಲದಿದ್ದರೆ ಸಿಗುತ್ತಿರಲಿಲ್ಲ.

ಅದಕ್ಕೇ ಹೇಳುತ್ತೇನೆ, ದೇಶದ ಕೋಡ್ ತೆಗೆದುಕೊಳ್ಳುವಾಗ ಆ ದೇಶದ ಕಾನೂನು, ರಾಜಕೀಯ ಎರಡನ್ನೂ ಜೊತೆಗೇ ತೆಗೆದುಕೊಳ್ಳುತ್ತೀರಿ. ಬೆಲೆಯ ಪಟ್ಟಿಯಲ್ಲಿ ಅದು ಕಾಣುವುದಿಲ್ಲ.

ಎರಡನೆಯದು, ಬೆಲೆ ಏರುವುದು. ಡಾಟ್ ಕಾಮ್‌ಗೆ ಒಂದು ಲಗಾಮು ಇದೆ. ಅಮೆರಿಕ ಸರ್ಕಾರದ ಜೊತೆ ವೆರಿಸೈನ್‌ಗೆ ಒಪ್ಪಂದವಿದೆ. 2012ರಿಂದ ಮೂಲ ಬೆಲೆ 7.85 ಡಾಲರ್‌ನಲ್ಲೇ ನಿಂತಿತ್ತು. 2018ರಲ್ಲಿ ಒಪ್ಪಂದ ತಿದ್ದಿ, ಪ್ರತಿ ಆರು ವರ್ಷದ ಕೊನೆಯ ನಾಲ್ಕು ವರ್ಷ, ವರ್ಷಕ್ಕೆ ಶೇಕಡಾ 7ರವರೆಗೆ ಏರಿಸಬಹುದು ಅಂದರು. 2021ರಲ್ಲಿ 8.39, ಮರುವರ್ಷ 8.97, ಆಮೇಲೆ 9.59, 2024ರಲ್ಲಿ 10.26. ನಾಲ್ಕು ವರ್ಷವೂ ಪೂರ್ತಿ ಏರಿಸಿದರು. ಆದರೂ ಆರು ತಿಂಗಳು ಮೊದಲೇ ತಿಳಿಸಬೇಕು. ನೀವು ಹತ್ತು ವರ್ಷದವರೆಗೆ ಮುಂಗಡ ಕಟ್ಟಿ ಹಳೇ ಬೆಲೆ ಉಳಿಸಿಕೊಳ್ಳಬಹುದು. ನಾನು ಪ್ರತಿ ಏರಿಕೆಯ ಮುಂಚೆ ಮುಖ್ಯ ಹೆಸರುಗಳಿಗೆ ಹಾಗೇ ಮಾಡಿದ್ದೇನೆ.

ಸೇವಾ ಸಂಸ್ಥೆಗಳು ಹೆಚ್ಚಾಗಿ ಬಳಸುವ ಡಾಟ್ ಓಆರ್‌ಜಿಗೆ ಇದ್ದ ಬೆಲೆಯ ಮಿತಿಯನ್ನು 2019ರ ಜೂನ್‌ನಲ್ಲಿ ತೆಗೆದರು. ಅದೇ ನವೆಂಬರ್‌ನಲ್ಲಿ ಅದರ ರಿಜಿಸ್ಟ್ರಿಯನ್ನು ಒಂದು ಬಂಡವಾಳ ಕಂಪನಿಗೆ ಮಾರುವ ಸುದ್ದಿ ಬಂತು. ಎಷ್ಟೋ ಸೇವಾ ಸಂಸ್ಥೆಗಳು ಎದ್ದು ನಿಂತವು. 2020ರ ಏಪ್ರಿಲ್ 30ರಂದು ಐಕ್ಯಾನ್ ಆ ಮಾರಾಟಕ್ಕೆ ಒಪ್ಪಿಗೆ ಕೊಡಲಿಲ್ಲ. ಜನ ಸುಮ್ನೆ ಕೂತಿದ್ದರೆ ಅದು ಆಗಿಹೋಗುತ್ತಿತ್ತು ಅಂತಲೇ ನನಗೆ ಅನಿಸುತ್ತದೆ. ದೇಶದ ಕೋಡ್‌ಗಳಿಗೆ ಹೊರಗಿನ ಲಗಾಮು ಇಲ್ಲ. ಆ ದೇಶದವರು ಎಷ್ಟು ಕಣ್ಣಿಟ್ಟಿದ್ದಾರೆ ಅನ್ನುವುದರ ಮೇಲೆ ಬಿಟ್ಟಿದ್ದು.

ಕೊಳ್ಳುವಾಗ ಮೊದಲ ವರ್ಷದ ಬೆಲೆ ನೋಡಬೇಡಿ. ದೊಡ್ಡ ಅಕ್ಷರದಲ್ಲಿ ಇರುವುದು ಅದೇ, ನೀವು ಕಟ್ಟುವುದು ಒಂದೇ ಸಲ. ರಿನ್ಯೂವಲ್ ಬೆಲೆ ಹುಡುಕಿ, ಬೇರೆ ಅಂಗಡಿಗೆ ಬದಲಾಯಿಸುವ ಶುಲ್ಕ ಹುಡುಕಿ. ನನ್ನ ಶೀಟ್‌ನಲ್ಲಿ ಮೊದಲ ವರ್ಷದ ಬೆಲೆಗೆ ಕಾಲಮ್ಮೇ ಇಲ್ಲ. ಐದು ವರ್ಷಕ್ಕೆ ಒಟ್ಟು ಎಷ್ಟು ಅಂತ ಒಂದು ಕಾಲಮ್, ಹೆಸರು ಯಾರ ವಿಳಾಸದ ಮೇಲೆ ನಿಂತಿದೆ ಅಂತ ಇನ್ನೊಂದು.

ಪ್ರಶ್ನೆ ಕೇಳಿದವರು

ಹಾಗಾದರೆ ನಮ್ಮ ನಾಲ್ಕರಲ್ಲಿ ಯಾವುದು ತೆಗೆದುಕೊಳ್ಳೋಣ? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಉತ್ತರ 1 ಬರೆದವರು

ಡಾಟ್ ಡಿಇ ಇವತ್ತೇ ತೆಗೆದುಕೊಳ್ಳಿ. ಹೊರದೇಶದವರಿಗೂ ಕೊಡುತ್ತಾರೆ. ಡೆನಿಕ್ ಕೇಳಿದರೆ ಮಾತ್ರ ಜರ್ಮನಿಯೊಳಗೆ ನಿಮ್ಮ ಪರವಾಗಿ ಕಾಗದ ಪಡೆಯುವವರೊಬ್ಬರನ್ನು ತೋರಿಸಬೇಕು. ನಿಮ್ಮ ಗ್ರಾಹಕರಲ್ಲಿ ಒಬ್ಬರು ಒಪ್ಪಬಹುದು, ಈಗಲೇ ಕೇಳಿಟ್ಟುಕೊಳ್ಳಿ. ಬ್ರಿಟನ್ನಿಗೆ ಡಾಟ್ ಕೋ ಡಾಟ್ ಯುಕೆ ಸಾಕು, ಎಲ್ಲಿಯವರಾದರೂ ಪಡೆಯಬಹುದು.

ನಾರ್ವೆಯದನ್ನು ಈಗ ಬಿಡಿ. ನಿಮ್ಮ ಡಾಟ್ ಕಾಮ್‌ನಲ್ಲೇ ನಾರ್ವೇಜಿಯನ್ ಭಾಷೆಯ ಒಂದು ಪುಟ ಮಾಡಿ. ಅಲ್ಲಿ ಯಾವತ್ತಾದರೂ ನಿಮ್ಮ ಸಂಸ್ಥೆ ನೋಂದಣಿಯಾದರೆ ಆಗ ನಿಮ್ಮದೇ ಹೆಸರಿನಲ್ಲಿ ತೆಗೆದುಕೊಳ್ಳಬಹುದು.

ಡಾಟ್ ಎಐ ಬೇಕು ಅಂದವರ ಹತ್ತಿರ ಒಂದು ಮಾತು ಕೇಳಿ: ಐದನೇ ವರ್ಷವೂ ಅದಕ್ಕೆ ಇಷ್ಟೇ ಮನಸ್ಸಿನಿಂದ ಕಟ್ಟುತ್ತೀರಾ? ಅನುವಾದದ ಗ್ರಾಹಕರು ನಿಮ್ಮನ್ನು ಹುಡುಕಿ ಬರುವುದು ಕೆಲಸ ನೋಡಿ. ಆ ದುಡ್ಡಿನಲ್ಲಿ ಡಾಟ್ ಕಾಮ್ ಅನ್ನು ಎಷ್ಟೋ ವರ್ಷ ಮುಂದಕ್ಕೆ ಕಟ್ಟಿಬಿಡಬಹುದು. ಕಟ್ಟುವ ಮೊದಲು ಆ ಡೊಮೇನ್‌ನ ಖಾತೆ ನಿಮ್ಮ ನಾಲ್ವರಲ್ಲಿ ಯಾರ ಮೇಲ್ ವಿಳಾಸದಲ್ಲಿದೆ ಅಂತ ನೋಡಿ. ಆ ವಿಳಾಸ ಅದೇ ಡೊಮೇನ್‌ನದ್ದಾಗಿದ್ದರೆ ಇವತ್ತೇ ಬೇರೆ ವಿಳಾಸಕ್ಕೆ ಬದಲಿಸಿ. ಡೊಮೇನ್ ನಿಂತ ದಿನ ಅದನ್ನು ಉಳಿಸಿಕೊಳ್ಳಿ ಅನ್ನುವ ಮೇಲ್ ಕೂಡ ನಿಮಗೆ ಬಂದು ಮುಟ್ಟುವುದಿಲ್ಲ.